ಸೋಮವಾರ ಮುಚ್ಚುವ ಅಗಸಿ

ಸೋಮವಾರ ಬೆಳಗಾದರೆ ಶಿವಪುತ್ರಪ್ಪ ಕಾಕಾ ತಮ್ಮ ಹಳೆಯ ವೈರ್‌ಲೆಸ್ ಸೆಟ್ಟನ್ನು ಒಣಬಟ್ಟೆಯಿಂದ ಒರೆಸಿ, ಅದರ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು, ಪ್ಲಗ್ಗು ಕಿತ್ತು, ಮೇಲೊಂದು ಟವೆಲ್ಲು ಹೊದಿಸುತ್ತಿದ್ದರು. ಆ ದಿನ ಅದಕ್ಕೆ ರಜೆ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. "ಮುದಿ ಎತ್ತು ತಮ್ಮಾ ಇದು. ವಾರಕ್ಕೊಂದಿನ ಬಿಡದಿದ್ರ ನಡುದಾರ್ಯಾಗ ಮಕ್ಕೊಂತೈತಿ" ಎನ್ನುತ್ತಿದ್ದರು.

ಯರಗಟ್ಟಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ, ಮಗ್ಗುಲಲ್ಲೇ ನನ್ನ ಔಷಧದ ಅಂಗಡಿ. ಅರವತ್ತು ದಾಟಿದ ಮೇಲೆ ಅವರಿಗೆ ಹ್ಯಾಮ್ ರೇಡಿಯೋದ ಹುಚ್ಚು ಹಿಡಿಯಿತು. ಪರೀಕ್ಷೆ ಬರೆದು ಸರ್ಕಾರದಿಂದ ಲೈಸೆನ್ಸನ್ನೂ ತಂದರು. ಈ ಹವ್ಯಾಸದವರು ಊರೂರು ತಿರುಗುವಾಗ ಅವರ ಗಾಡಿಯಲ್ಲಿನ ರೇಡಿಯೋ 'ನಾನು ಇಂಥಲ್ಲಿದ್ದೇನೆ' ಎಂದು ಆಗಾಗ ಕೂಗುತ್ತದಂತೆ. ಆ ಕೂಗನ್ನು ಹಿಡಿದು ಇಂಟರ್‌ನೆಟ್ಟಿಗೆ ದಾಟಿಸುವ ಗೇಟ್‌ವೇ ಹತ್ತಿರದಲ್ಲಿದ್ದರೆ ಜಗತ್ತಿನ ನಕಾಶೆಯ ಮೇಲೆ ಒಂದು ಚುಕ್ಕೆ ಓಡುತ್ತದೆ. ನಮ್ಮ ಸೀಮೆಯಲ್ಲಿ ಅಂಥದ್ದು ಇರಲಿಲ್ಲ. ಇತ್ತ ಬಂದವರ ಚುಕ್ಕೆಗಳೆಲ್ಲ ಮಾಯ. ಕಾಕಾನಿಗೆ ಇದು ಊರಿಗೇ ಆದ ಅವಮಾನದಂತೆ ಕಂಡಿತು.

"ಊರಂದಮ್ಯಾಲೆ ಅಗಸಿ ಬ್ಯಾಡೇನು? ಯಾರು ಬಂದ್ರು, ಯಾರು ಹೋದ್ರು, ಕೇಳೋರು ಒಬ್ಬರು ಬೇಕಲ್ಲ."

ಹಾಗೆ ಶುರುವಾಯಿತು ಅಗಸಿಯ, ಅಂದರೆ ಊರಬಾಗಿಲಿನ, ಕೆಲಸ. ಬೆಳಗಾವಿಯ ಗುಜರಿಯಿಂದ ಯಾವುದೋ ಟ್ಯಾಕ್ಸಿಯವರು ಬಿಸಾಡಿದ್ದ ವೈರ್‌ಲೆಸ್ ಸೆಟ್ಟು ಬಂತು. ಮುಚ್ಚಿಹೋದ ಸೈಬರ್ ಕೆಫೆಯಿಂದ ಬಂದ ಕಂಪ್ಯೂಟರು ಚಾಲೂ ಆಗುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ಮಾಳಿಗೆಯ ಮೇಲೆ ಅಲ್ಯೂಮಿನಿಯಂ ಪೈಪಿನ ಆಂಟೆನಾ ಎದ್ದು ನಿಂತಿತು. ಅದನ್ನು ಬಿಗಿದ ತಂತಿಯ ಮೇಲೆ ಹೆಂಡತಿ ಗೌರವ್ವ ಕಾಕು ಮರುದಿನವೇ ಸೀರೆ ಒಣಹಾಕಿದರು. ಸೆಟ್ಟಿನ ದನಿಯನ್ನು ಒಂದು ವೈರಿನಿಂದ ಕಂಪ್ಯೂಟರಿನ ಕಿವಿಗೆ ಹಾಕಿ, ಊರಿನ ಅಕ್ಷಾಂಶ ರೇಖಾಂಶ ತುಂಬಿ, ಕಾಕಾ ನಮ್ಮನ್ನೆಲ್ಲ ಕರೆದು ನಕಾಶೆ ತೋರಿಸಿದರು. ಪೂರ್ವ ಅನ್ನುವ ಕಡೆ ಪಶ್ಚಿಮ ಅಂತ ಒತ್ತಿದ್ದರಿಂದ ಯರಗಟ್ಟಿ ಅಮೆರಿಕದ ಮಗ್ಗುಲಿಗೆ, ನಟ್ಟನಡುವೆ ಸಮುದ್ರದಲ್ಲಿ ತೇಲುತ್ತಿತ್ತು.

"ಇರಲಿ ಬಿಡ್ರಿ," ಎಂದರು ಕಾಕು, "ನಳದಾಗ ನೀರು ಬರದ ಊರಿಗೆ ಸಮುದ್ರಾನ ತಂದ್ರಿ."

ಊರನ್ನು ದಡ ಸೇರಿಸಿದ್ದಾಯಿತು. ಆದರೆ ಅಗಸಿ ತೆರೆದರೇನು, ಬರುವವರು ಬೇಕಲ್ಲ. ತಿಂಗಳುಗಟ್ಟಲೆ ಒಂದು ಕೂಗೂ ಕೇಳಲಿಲ್ಲ. ಕೊನೆಗೆ ಕಾಕಾ ತಮ್ಮದೇ ಸ್ಕೂಟರಿಗೆ ಒಂದು ಸಣ್ಣ ರೇಡಿಯೋ ಕಟ್ಟಿಕೊಂಡು ಊರು ಸುತ್ತಿದರು. ಅವರಿಗೆ ಸಕ್ಕರೆ ಕಾಯಿಲೆ. ಎಣ್ಣೆ ತಿಂಡಿ ಬಿಡಿರೆಂದು ಡಾಕ್ಟರು ಗದರಿಸಿದ್ದರು. ಒಂದು ಸಂಜೆ ಬ್ಯಾಂಕಿಗೆ ಹೋಗುತ್ತೇನೆಂದು ಹೇಳಿ ಹೋದವರು ಮರಳಿ ಬಂದಾಗ ಕಾಕು ಮೊಬೈಲಿನಲ್ಲಿ ನಕಾಶೆ ತೆರೆದುಕೊಂಡು ಕೂತಿದ್ದರು.

"ಬ್ಯಾಂಕು ಮಿರ್ಚಿ ಬಜಿ ಅಂಗಡಿಗೆ ಯಾವಾಗ ಬಂತ್ರಿ?"

"ಒಟ್ಟ ಚುಕ್ಕಿ ಬಿತ್ತಲ್ಲ," ಎಂದರು ಕಾಕಾ, ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ.

ಆದರೂ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಪರಸ್ಥಳದವರದೊಂದು ಕೂಗು, ಒಂದೇ ಒಂದು, ತಮ್ಮ ಅಗಸಿ ದಾಟಬೇಕು ಎಂಬ ಆಸೆ ಅವರಿಗೆ. ಅಷ್ಟರಲ್ಲಿ ಬೆಳಗಾವಿಯ ಮೂವರು ಹವ್ಯಾಸಿಗಳು ತೊರಗಲ್ ಕೋಟೆಗೆ ನಮ್ಮ ಊರ ಮೇಲೆಯೇ ಹೋಗುವವರೆಂದು ಸುದ್ದಿ ಬಂತು. ಕಾಕಾ ಕುಣಿದಾಡಿದರು. ಆಮೇಲೆ ಕ್ಯಾಲೆಂಡರ್ ನೋಡಿ ಕಟ್ಟೆಯ ಮೇಲೆ ಕುಸಿದು ಕೂತರು. ಅವರು ಬರುವುದು ಸೋಮವಾರ.

"ಒಂದ ದಿನಾ ಚಾಲೂ ಮಾಡ್ರಿ ಕಾಕಾ. ಅದೇನು ಖರೇ ಎತ್ತೇನ್ರಿ?" ಎಂದೆ ನಾನು.

"ನಮ್ಮಪ್ಪ ಸಾಯೋತನಕ ಸೋಮವಾರ ನೊಗ ಮುಟ್ಟಲಿಲ್ಲ. ನಾ ಎತ್ತು ಮಾರಿ ಅಂಗಡಿ ಹಾಕಿದವ. ಈಗ ನನ್ನ ಹಂತೇಕ ಉಳಿದಿರೋ ಎತ್ತು ಇದೊಂದ. ಇದಕ್ಕೂ ಮಾತು ತಪ್ಪಲೇನು?"

ಸೋಮವಾರ ಬಂತು. ಸೆಟ್ಟಿಗೆ ವಿಭೂತಿ ಬಿತ್ತು, ಟವೆಲ್ಲು ಬಿತ್ತು. ಕಾಕಾ ಮಾತ್ರ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬೆಳಗಾವಿ ರಸ್ತೆಗೆ ಹೋಗಿ ನಿಂತರು. ಮೇಲೆ ಉದ್ದನೆಯ ಆಂಟೆನಾ ಇದ್ದ ಜೀಪು ಕಂಡದ್ದೇ ಕೈ ಅಡ್ಡ ಹಾಕಿದರು. "ಊಟಾ ಮಾಡದ ಯರಗಟ್ಟಿ ದಾಟೂಹಂಗಿಲ್ರಿ" ಎಂದು ಮೂವರನ್ನೂ ಮನೆಗೆ ಕರೆತಂದರು. ಕಾಕು ಬೆಳಗಿನಿಂದಲೇ ಶೇಂಗಾ ಹೋಳಿಗೆಗೆ ಕೂತಿದ್ದರು. ಎರಡು ತಿಂದು ಸಾಕೆಂದವರ ತಾಟಿಗೆ ಮೂರನೆಯದು, ಅದರ ಮೇಲೆ ತುಪ್ಪ. "ತೊರಗಲ್ ಕೋಟಿ ಎಲ್ಲಿ ಓಡಿ ಹೋಗತೈತ್ರಿ? ಸಾವಕಾಶ ಉಣ್ರಿ" ಎಂದು ಕಾಕಾ ಅವರ ಪಕ್ಕದಲ್ಲೇ ಕಾವಲಿದ್ದರು. ಕೈ ತೊಳೆದು ಎದ್ದ ಮೂವರೂ ಪಡಸಾಲೆಯ ಜಮಖಾನೆಯ ಮೇಲೆ ಉರುಳಿದವರು ದೀಪ ಹಚ್ಚುವ ಹೊತ್ತಿಗೆ ಎಚ್ಚರವಾದರು. ಆ ಹೊತ್ತಿನಲ್ಲಿ ಕೋಟೆಗೆ ಯಾರು ಹೋಗುತ್ತಾರೆ? ಅಲ್ಲೇ ವಸ್ತಿ ಮಾಡಿದರು.

ಮಂಗಳವಾರ ಬೆಳಿಗ್ಗೆ ಜೀಪು ಹೊರಟಿತು. ಕಾಕಾ ಟವೆಲ್ಲು ತೆಗೆದು ಪ್ಲಗ್ಗು ಹಾಕಿದರು. ಕಂಪ್ಯೂಟರು ಎಂದಿನಂತೆ ಚಹಾದ ಹೊತ್ತು ತೆಗೆದುಕೊಂಡಿತು. ಆಮೇಲೆ ಸೆಟ್ಟು 'ಗೊರ್ರ್' ಎಂದಿತು. ನಕಾಶೆಯ ಮೇಲೆ ರಾಮದುರ್ಗದ ರಸ್ತೆಗೆ ಒಂದು ಚುಕ್ಕೆ ಬಿತ್ತು, ಅದರ ಮುಂದೆ ಇನ್ನೊಂದು. ಜೀಪು ಗುಡ್ಡದ ಮರೆಗೆ ಹೋಗಿ ಚುಕ್ಕೆ ನಿಂತ ಮೇಲೂ ಕಾಕಾ ಪರದೆ ಬಿಟ್ಟು ಏಳಲಿಲ್ಲ. "ದಾಟಿದ್ರು" ಎಂದರು. ಆ ಮುಖದ ಸಂತೋಷ ನೋಡಿ ನನಗೂ ಹೊಟ್ಟೆ ತುಂಬಿದಂತಾಯಿತು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಇನ್ನು ಸೆಟ್ಟು ಗುಜರಿಗೇ ಮರಳುತ್ತದೆ ಎಂದುಕೊಂಡಿದ್ದೆ. ಆದರೆ ನಾನು ನೋಡಿದಾಗೆಲ್ಲ ಅಗಸಿಯ ಚುಕ್ಕೆ ನಕಾಶೆಯಲ್ಲಿ ಹಾಗೇ ಇತ್ತು. ಯಾರೂ ಕೈಹಚ್ಚಿಲ್ಲ, ತಾನಾಗಿ ನಡೆದಿದೆ ಎಂದು ತಿಳಿದಿದ್ದೆ. ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕೂತು ನೋಡಿದರೆ ಚುಕ್ಕೆ ಇರಲಿಲ್ಲ, ಅಗಸಿ ಬಂದ್ ಆಗಿತ್ತು. ಅದೂ ಹೋಯಿತೆಂದು ಅವರ ಮನೆಗೆ ಓಡಿದೆ.

ಗೌರವ್ವ ಕಾಕು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೂಲೆಯಲ್ಲಿ ಸೆಟ್ಟಿನ ಮೇಲೆ ಟವೆಲ್ಲು. ಸರಿಸಿ ನೋಡಿದೆ. ಮೂರು ಗೆರೆ ವಿಭೂತಿ ಇತ್ತು. ಕಾಕಾನವು ದಪ್ಪ ಇರುತ್ತಿದ್ದವು, ಇವು ಸಣ್ಣವು. ನನಗೆ ಅಳು ತಡೆಯಲಾಗಲಿಲ್ಲ.

ಕಾಕು ಮೊರದಿಂದ ತಲೆ ಎತ್ತಲಿಲ್ಲ. "ಸೋಮವಾರ ಐತೆಪಾ ಇವತ್ತ," ಎಂದರು. "ಅದನ್ನ ಹೊದಿಸು. ಥಂಡಿ ಭಾಳ ಐತಿ."