ಹೊಡೆದವರ ಬೀದಿಗೂ ಅರ್ಧ ಗಂಟೆ ನೀರು

ಬೆಳಗಿನ ಐದೂವರೆ. ಕಡೂರಿನ ಪೇಟೆಬೀದಿಯ ತಿರುವಿನಲ್ಲಿ ಸವೇರಪ್ಪ ಮೊಣಕಾಲೂರಿ ಕೂತಿದ್ದಾರೆ. ಪ್ರಾರ್ಥನೆಗಲ್ಲ, ಅದು ಮನೆಯಲ್ಲೇ ಮುಗಿದಿದೆ. ರಸ್ತೆಯಂಚಿನ ಗುಂಡಿಯ ಮುಚ್ಚಳ ಸರಿಸಿ, ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಒಳಗಿಳಿಸಿ, ಎದ್ದು ನಿಂತು ತಿರುಗಿಸುತ್ತಾರೆ. ಬಲಗೈ ಪೂರ್ತಿ ಚಾಚುವುದಿಲ್ಲ, ಎಡಗೈಗೇ ಹೆಚ್ಚು ಕೆಲಸ. ಸ್ವಲ್ಪ ಹೊತ್ತಿಗೆ ಬೀದಿ ನಲ್ಲಿಗಳು ಗೊರಗೊರ ಗಾಳಿಯುಗುಳಿ ನೀರು ಸುರಿಸತೊಡಗುತ್ತವೆ.

ನೀರಗಂಟಿ ಸವೇರಪ್ಪನವರಿಗೆ ಈಗ ಐವತ್ತೆರಡು ವರ್ಷ. ಈ ಕೆಲಸಕ್ಕೆ ಸೇರಿದ್ದು 1966ರಲ್ಲಿ, ಬರುವ ತಿಂಗಳಿಗೆ ಇಪ್ಪತ್ತು ವರ್ಷ. ಹನ್ನೊಂದು ವಾಲ್ವು, ಒಂದೊಂದು ಬೀದಿಗೆ ಅರ್ಧ ಗಂಟೆ, ದಿನಕ್ಕೆ ಆರೇಳು ಮೈಲಿ ನಡಿಗೆ. ಅವರೂ ಹೆಂಡತಿ ಲೂರ್ದಮ್ಮನೂ ಇರುವ ಕೇರಿಯ ಸರದಿ ಎಲ್ಲಕ್ಕಿಂತ ಕೊನೆಯದು. "ನಮ್ಮನೇಗೆ ಮೊದ್ಲು ಬಿಟ್ಕೊಂಡ್ರೆ ನಾಳೆ ಯಾರ್ ನಂಬ್ತಾರೆ ಸಾರ್?" ಎನ್ನುತ್ತಾರೆ.

ಇವರ ವಿಷಯ ನನಗೆ ಹೇಳಿದ್ದು ಇವರ ಚರ್ಚಿನವರಲ್ಲ, ತೆಂಗಿನಕಾಯಿ ವ್ಯಾಪಾರಿ ಪಂಚಾಕ್ಷರಪ್ಪ. "ನಾನು ಮತ್ತೆ ಲಿಂಗಪೂಜೆ ಹಿಡಿದದ್ದು ಒಬ್ಬ ಕ್ರಿಶ್ಚಿಯನ್ನಿಂದ ಕಣ್ರೀ" ಎಂದರು. ಅದು ಹೇಗೆ ಎಂದು ಕೇಳದೆ ಇರಲಾಗಲಿಲ್ಲ.

ಎಂಬತ್ತಮೂರರ ಬೇಸಿಗೆ. ಪಂಚಾಕ್ಷರಪ್ಪನವರ ಬೀದಿಗೆ ಮೂರು ದಿನ ನೀರು ಬರಲಿಲ್ಲ. ಪಕ್ಕದ ಬೀದಿಗೆ ಬರುತ್ತಿತ್ತು. ನೀರಗಂಟಿ ಲಂಚ ತಿಂದಿದ್ದಾನೆ ಎಂದು ಯಾರೋ ಹೇಳಿದರು. ನಾಲ್ಕನೆಯ ಬೆಳಿಗ್ಗೆ ಪಂಚಾಕ್ಷರಪ್ಪ ಸವೇರಪ್ಪನವರ ಕೈಯಿಂದ ಚಾವಿಯನ್ನೇ ಕಿತ್ತುಕೊಂಡು ಅದರಿಂದಲೇ ಹೊಡೆದರು. ಬಲ ಮೊಣಕೈ ಮುರಿಯಿತು. ಸಂಜೆಗೆ ನಿಜ ಗೊತ್ತಾಯಿತು: ಲಾರಿ ಹತ್ತಿ ನೆಲದಡಿಯ ಪೈಪು ಒಡೆದಿತ್ತು.

"ಪೊಲೀಸ್ನೋರು ಬರ್ತಾರೆ ಅಂತ ಕಾದೆ. ಬರ್ಲಿಲ್ಲ, ಸವೇರಪ್ಪೋರು ಕಂಪ್ಲೇಂಟೇ ಕೊಟ್ಟಿರ್ಲಿಲ್ಲ" ಎನ್ನುತ್ತಾರೆ ಪಂಚಾಕ್ಷರಪ್ಪ. "ಎರಡು ದಿನಕ್ಕೆ ಪೈಪು ರಿಪೇರಿ ಆಯ್ತು. ಇನ್ನು ನಮ್ ಬೀದಿಗೆ ಐದೇ ನಿಮಿಷ ಬಿಟ್ಟು ಸೇಡು ತೀರಿಸ್ಕೋತಾರೆ ಅಂದ್ಕೊಂಡೆ. ಬಾಗಿಲ ಸಂದೀಲಿ ನೋಡ್ತೀನಿ, ಕೈಗೆ ಕಟ್ಟು ಹಾಕ್ಕೊಂಡು ನಿಂತವ್ರೆ. ಹೆಂಡ್ತಿ ಚಾವಿ ತಿರುಗಿಸ್ತಾ ಇದ್ರು. ಗಡಿಯಾರ ನೋಡ್ದೆ. ಪೂರಾ ಅರ್ಧ ಗಂಟೆ."

ಲೂರ್ದಮ್ಮ ಏನನ್ನೂ ಮುಚ್ಚಿಡುವವರಲ್ಲ. "ನಂಗೆ ಬಲು ಸಿಟ್ಟಿತ್ತು. ಆ ಬೀದಿ ಬಿಟ್ಬಿಡಾನ ಅಂದೆ. ‘ಅಲ್ಲೂ ಮಕ್ಳುಮರಿ ಅವ್ರೆ, ತಿರುಗ್ಸೇ’ ಅಂದ್ರು. ಬಯ್ಕೊಂಡೇ ತಿರುಗಿಸ್ದೆ."

ಒಂದು ವಾರದ ಮೇಲೆ ಪಂಚಾಕ್ಷರಪ್ಪ ಆ ಕೇರಿಗೆ ಹೋಗಿ ತಪ್ಪಾಯಿತೆಂದರು. ಯಾಕೆ ಸುಮ್ಮನಿದ್ದಿರಿ ಎಂದೂ ಕೇಳಿದರು. ಸವೇರಪ್ಪ ಕೊಟ್ಟ ಉತ್ತರ ಅವರಿಗೆ ಇಂದಿಗೂ ಬಾಯಿಪಾಠ: "ನನ್ ತಪ್ಪು ಮನ್ನಿಸಪ್ಪಾ ಅಂತ ದಿನಾ ದೇವರನ್ನ ಕೇಳ್ಕೊಂಡೇ ಮನೆ ಬಿಡೋದು ಸ್ವಾಮಿ. ನಾನು ಮಾತ್ರ ಬೇರೆಯವ್ರ ತಪ್ಪು ಹಿಡ್ಕೊಂಡು ಕೂತ್ರೆ ಹೆಂಗೆ?"

ಪಂಚಾಕ್ಷರಪ್ಪನವರ ಮಗಳು ಎಪ್ಪತ್ತೇಳರಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಅಂದು ಅವರು ತಮ್ಮ ಕೊರಳಿಂದ ತೆಗೆದ ಲಿಂಗ ಆರು ವರ್ಷ ಪೆಟ್ಟಿಗೆಯಲ್ಲೇ ಇತ್ತು. "ಅವರ ಮನೆಯಿಂದ ವಾಪಸ್ ಬಂದೋನು ಸ್ನಾನ ಮಾಡಿ ಲಿಂಗ ಕಟ್ಕೊಂಡೆ. ಅವರ ದೇವರು ನಂಗೊತ್ತಿಲ್ಲ. ಆದ್ರೆ ದೇವರ ಮುಂದೆ ಆಡಿದ್ ಮಾತನ್ನ ಒಬ್ಬ ಮನುಷ್ಯ ಬೀದೀಲಿ ನಡೆಸಿದ್ದು ಕಣ್ಣಾರೆ ಕಂಡೆ."

ನಿಮ್ಮನ್ನು ನೋಡಿ ಯಾರಾದರೂ ಚರ್ಚಿಗೆ ಬಂದಿದ್ದಾರೆಯೇ ಎಂದು ಸವೇರಪ್ಪನವರನ್ನು ಕೇಳುತ್ತೇನೆ. "ಯಾರೂ ಇಲ್ಲ ಸಾರ್. ಪಂಚಾಕ್ಷರಪ್ಪೋರು ಕ್ರಿಸ್‌ಮಸ್ಸಿಗೆ ತೆಂಗಿನಕಾಯಿ ಕಳಿಸ್ತಾರೆ, ಅಷ್ಟೇಯ." ಲಿಂಗದ ಸಂಗತಿ ತಿಳಿಸುತ್ತೇನೆ. ಚಾವಿ ಹಿಡಿದ ಕೈ ನಿಲ್ಲುತ್ತದೆ.

"ನಂಗೆ ಹೇಳೇ ಇಲ್ವಲ್ಲ ಅವ್ರು" ಎನ್ನುತ್ತಾರೆ. ಗುಂಡಿಯ ಮುಚ್ಚಳ ಮುಚ್ಚಿ, ಚಾವಿ ಹೆಗಲಿಗೇರಿಸಿ ಹೊರಡುತ್ತಾರೆ. ಮುಂದಿನ ಎರಡು ಬೀದಿ ನಾನೂ ಜೊತೆಗೆ ನಡೆಯುತ್ತೇನೆ.

ಏನಾದರೂ ಆಸೆ ಉಳಿದಿದೆಯೇ ಎಂದಾಗ ಸ್ವಲ್ಪ ನಾಚುತ್ತಾರೆ. "ನಮ್ಮ ಲೂರ್ದಮ್ಮನ್ನ ಕರ್ಕೊಂಡು ಒಂದ್ಸಲ ಹೆಬ್ಬೆ ಜಲಪಾತ ನೋಡ್ಬೇಕು. ಇಷ್ಟ್ ವರ್ಷ ನೀರು ಬಿಟ್ಟಿದೀನಿ. ಅಲ್ಲಿ ಯಾರೂ ಬಿಡೋರಿಲ್ದೇನೇ ಬೀಳ್ತದಂತಲ್ಲ ಸಾರ್."