ನದಿಯ ಆಚೆ ದಡದಲ್ಲಿ ತಂಗಿ

ಬೀದಿಯವರೆಲ್ಲ ಅವಳನ್ನು ಪಾರ್ಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಪಕ್ಕದ ಕೋಣೆ, ಉದ್ದ ಕನ್ನಡಿ, ಒರಗುವ ಒಂದು ಕುರ್ಚಿ. ಹಲ್ಲಿನಲ್ಲಿ ದಾರ ಕಚ್ಚಿ ಹೆಂಗಸರಿಗೆ ಐಬ್ರೋ ಮಾಡುತ್ತಲೇ, ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಕಾಲೇಜು ದಾಟಿಸಿದ್ದಳು. ತಂಗಿ ಭಾರಿ ಬಾಯಿಬಡುಕಿ. ಗಿರಾಕಿಗಳು ಹೊರಟದ್ದೇ ತಡ, ಅವರ ನಡಿಗೆ ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದಳು.

ಟೀಚರಮ್ಮ ಅಂಥ ಒಬ್ಬ ಗಿರಾಕಿ. ಹಿಂದೆ ಶಾಲೆಯಲ್ಲಿದ್ದವರು, ಈಗ ಹೊರದೇಶದ ಹೋಟೆಲುಗಳಿಗೆ ಹುಡುಗಿಯರನ್ನು ಕಳಿಸುತ್ತಿದ್ದರು. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ, "ನಿನ್ನ ತಂಗಿ ಇಲ್ಲಿ ಕೊಳೀಬಾರ್ದು ಕಣೇ" ಎಂದರು. ಅಕ್ಕನಿಗೂ ಹೌದೆನ್ನಿಸಿತು.

ಟೀಚರಮ್ಮ ಕಳಿಸಿದ ದೇಶಕ್ಕೆ ತಂಗಿ ಹೋದ ಮೇಲೆ ಬಹಳ ದಿನ ಫೋನಿಲ್ಲ. ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಪಿಸುದನಿ ಕೇಳಿಸಿತು.

"ಅಕ್ಕಾ, ಇದು ಹೋಟೆಲಲ್ಲ. ಪಾಸ್‌ಪೋರ್ಟ್ ಕಿತ್ಕೊಂಡಿದಾರೆ. ಫೋನಲ್ಲಿ ವಯಸ್ಸಾದೋರ ಹತ್ರ ನಯವಾಗಿ ಮಾತಾಡಿ ಅವರ ಬ್ಯಾಂಕ್ ಖಾಲಿ ಮಾಡಿಸ್ಬೇಕು. ಆಗಲ್ಲ ಅಂದ್ರೆ ಶಾಕ್ ಕೊಡ್ತಾರೆ."

ಅಲ್ಲಿಗೆ ಕಟ್ಟಾಯಿತು.

ಠಾಣೆಯವರು ಅದು ಆ ದೇಶದ ವಿಷಯ ಎಂದರು. ಆ ದೇಶದ ರಾಯಭಾರ ಕಚೇರಿಯವರು ಮೊದಲು ನಿಮ್ಮ ಠಾಣೆಗೆ ಹೋಗಿ ಎಂದರು. ಟೀಚರಮ್ಮ ಮಾತ್ರ ಎಂದಿನಂತೆ ಬಂದು ಕುರ್ಚಿಗೆ ಒರಗಿದರು. "ಹೊಸದರಲ್ಲಿ ಮನೆ ನೆನಪಾಗಿ ಇಲ್ಲದ್ದೆಲ್ಲ ಹೇಳ್ತಾರೆ ಬಿಡು" ಎಂದರು. ಅಕ್ಕ ದಾರವನ್ನು ಹಲ್ಲಿಗೆ ಕಚ್ಚಿಕೊಂಡಳು. ಏನಾದರೂ ಅಂದರೆ ಅಲ್ಲಿ ತಂಗಿಗೆ ಪೆಟ್ಟು ಬೀಳುತ್ತದೆಂಬ ಭಯ. ಐಬ್ರೋ ಮುಗಿಸಿ ಕಳಿಸಿದಳು.

ಕೊನೆಗೆ ಅವಳ ಮಾತನ್ನು ಪೂರ್ತಿ ಕೇಳಿದವರು ಮಾನವ ಕಳ್ಳಸಾಗಣೆ ತಡೆ ವಿಭಾಗದ ಇನ್‌ಸ್ಪೆಕ್ಟರ್ ಮೇಡಂ. ಆ ದೇಶದ ಪೊಲೀಸರೂ ಇದೇ ಗುಂಪಿನ ಬೆನ್ನು ಹತ್ತಿದ್ದರು, ಜಾಗ ಮಾತ್ರ ಸಿಕ್ಕಿರಲಿಲ್ಲ.

"ಟೀಚರನ್ನ ಈಗಲೇ ಹಿಡಿದ್ರೆ ಅಲ್ಲಿಯವರು ಜಾಗ ಖಾಲಿ ಮಾಡ್ತಾರೆ. ಇಲ್ಲಿಂದ ಹೊರಡೋ ಯಾರ ಹಿಂದಾದ್ರೂ ನಾವು ಹೋಗ್ಬೇಕು."

"ನಾನು ಹೊರಡ್ತೀನಿ ಮೇಡಂ."

"ದಾರೀಲಿ ಕಣ್ಣು ತಪ್ಪಿದ್ರೆ ನೀವೂ ಸಿಗಲ್ಲ."

"ನನ್ನನ್ನ ಹುಡುಕ್ಕೊಂಡು ನಿಮ್ಮ ತಲೆ ತಿನ್ನೋಕೆ ಯಾರೂ ಇಲ್ಲ ಬಿಡಿ. ಅದೊಂದು ಅನುಕೂಲ."

ಮೇಡಂ ನಗದೆ, ಟೀಚರಮ್ಮನ ಹತ್ತಿರ ಏನು ಹೇಳಬೇಕೆಂದು ಹೇಳಿಕೊಟ್ಟರು.

"ತಂಗಿ ಹತ್ರ ನನ್ನನ್ನೂ ಕಳಿಸಿ, ಒಬ್ಬಳೇ ಇರೋಕಾಗ್ತಿಲ್ಲ" ಎಂದಾಗ ಟೀಚರಮ್ಮ ಅವಳ ಕೆನ್ನೆ ತಟ್ಟಿ ಒಪ್ಪಿಕೊಂಡರು.

ಆ ದೇಶದಲ್ಲಿ ಇಳಿದೊಡನೆ ಒಬ್ಬ ಬಂದು ವ್ಯಾನು ಹತ್ತಿಸಿ, ಮೊದಲ ತಿರುವಿನಲ್ಲೇ ಅವಳ ಫೋನು ಕಿತ್ತುಕೊಂಡ. ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಬೇರೆ ವ್ಯಾನಿಗೆ ದಾಟಿಸಿದರು. ಹಿಂದೆ ಯಾರೂ ಕಾಣಲಿಲ್ಲ. ತನ್ನ ಕಥೆ ಮುಗಿಯಿತೆಂದುಕೊಂಡಳು. ಕಬ್ಬಿಣದ ಗೇಟು ದಾಟಿದರೆ ಉದ್ದನೆಯ ಹಾಲ್, ಸಾಲು ಮೇಜು, ಫೋನಿಗೆ ಬಾಯಿಟ್ಟು ನಯವಾಗಿ ಮಾತಾಡುತ್ತಿದ್ದ ಹುಡುಗ ಹುಡುಗಿಯರು. ಒಂದೊಂದೇ ಮುಖ ನೋಡುತ್ತ ಕೊನೆಯ ಸಾಲು ಮುಟ್ಟುವಷ್ಟರಲ್ಲಿ, ಕಣ್ಣಿಗೆ ಬೀಳದಂತೆ ಎರಡನೆಯ ವ್ಯಾನಿನ ಹಿಂದೆಯೂ ಬಂದಿದ್ದ ಪೊಲೀಸರು ಗೇಟು ಮುರಿದು ಒಳಗೆ ನುಗ್ಗಿದರು. ಅದೇ ಹೊತ್ತಿಗೆ ಇಲ್ಲಿಯ ಪೊಲೀಸರು ಟೀಚರಮ್ಮನ ಮನೆಯ ಬಾಗಿಲು ತಟ್ಟಿದ್ದರು. ಹಾಲ್‌ನಲ್ಲಿದ್ದವರೆಲ್ಲ ಅಳುತ್ತ ಹೊರಬಂದರು.

ತಂಗಿ ಅವರಲ್ಲಿರಲಿಲ್ಲ.

ಅವಳ ಪಕ್ಕದ ಹಾಸಿಗೆಯ ಹುಡುಗಿ ಹೇಳಿದಳು: "ಮೊನ್ನೆ ತಾನೇ ನದಿ ಆಚೆಯವರಿಗೆ ಮಾರಿಬಿಟ್ರು ಅಕ್ಕಾ. ಚೆನ್ನಾಗಿ ಮಾತಾಡೋರು ಬೇಕು ಅಂತ."

ನದಿಯ ಆಚೆ ಮೂರನೆಯ ದೇಶ. ಅಕ್ಕ ಹಠ ಮಾಡಿ ದಡಕ್ಕೆ ಹೋದಳು. ಆಚೆಯ ಹಳದಿ ಕಟ್ಟಡಗಳ ಕಿಟಕಿಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಅವಳ ಬೆನ್ನಿಗೇ ಊರಿನಿಂದ ಬಂದಿದ್ದ ಮೇಡಂ ಸೇರಿ ಎರಡು ದೇಶಗಳ ಪೊಲೀಸರು ಹಿಂದೆ ನಿಂತಿದ್ದರು.

"ದೋಣಿ ಇದೆಯಲ್ಲ ಮೇಡಂ."

"ನದಿ ಆಚೆ ದೇಶದ ಜೊತೆ ಇವರಿಗೂ ಒಪ್ಪಂದ ಇಲ್ಲ, ನಮಗೂ ಇಲ್ಲ. ಕಾಲಿಟ್ರೆ ನಾವೇ ಅಪರಾಧಿಗಳು."

ಅಕ್ಕ ತಂಗಿಯ ಹೆಸರು ಹಿಡಿದು ಕೂಗಿದಳು. ಗಂಟಲು ಕಟ್ಟುವವರೆಗೂ ಕೂಗಿದಳು. ಆಚೆ ಬಟ್ಟೆ ಒಣಹಾಕುತ್ತಿದ್ದವನೊಬ್ಬ ತಲೆಯೆತ್ತಿ ನೋಡಿ ಒಳಗೆ ಹೋದ. ದಡದಲ್ಲೇ ಕೂತುಬಿಟ್ಟವಳನ್ನು ಮೇಡಂ ತೋಳು ಹಿಡಿದು ಎಬ್ಬಿಸಬೇಕಾಯಿತು.

ಟೀಚರಮ್ಮನಿಗೆ ಶಿಕ್ಷೆಯಾಯಿತು. ಆ ಹಾಲ್‌ನ ದಾಳಿಯಲ್ಲಿ ಸಿಕ್ಕಿಬಿದ್ದವರ ಮೇಲೆ ಅಲ್ಲಿ ನಡೆದ ಮೊಕದ್ದಮೆಗೆ ಅಕ್ಕ ಇಲ್ಲಿಂದಲೇ ವಿಡಿಯೊದಲ್ಲಿ ಸಾಕ್ಷಿ ಹೇಳಿದಳು. ಅವರೂ ಜೈಲಿಗೆ ಹೋದರು. ಮೂರನೆಯ ದೇಶಕ್ಕೆ ಬರೆದದ್ದಕ್ಕೆ ಪರಿಶೀಲಿಸುತ್ತಿದ್ದೇವೆ ಎಂದಷ್ಟೇ ಉತ್ತರ. ಮೇಡಂಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಅಕ್ಕ ಎಲ್ಲವನ್ನೂ ಮೊದಲಿನಿಂದ ಹೇಳಿದಳು.

ಈಗಲೂ ಪ್ರತಿ ಸೋಮವಾರ ಕಳ್ಳಸಾಗಣೆ ತಡೆ ವಿಭಾಗದ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಾಳೆ. ಪಾರ್ಲರಿಗೆ ಬರುವವರು ಏನಾಯ್ತಕ್ಕ ಎಂದು ಕೇಳುವುದನ್ನು ಬಿಟ್ಟಿದ್ದಾರೆ.