ಶಾಂತವ್ವನ ಬಾಯಿಗೆ ಕುಕ್ಕೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕರೆಂಟಿನ ಮಗ್ಗಗಳೆಲ್ಲ ಮಲಗಿವೆ. ಒಂದೇ ಒಂದು ಮನೆಯಿಂದ ಕೈಮಗ್ಗದ ಸಪ್ಪಳ ಕೇಳುತ್ತಿದೆ, ಖಟ್ ಖಟ್, ಖಟ್ ಖಟ್. ಮುಖಕ್ಕೆ ನೀರು ಹಾಕಿಕೊಂಡವರೇ ಚಹಾಕ್ಕೂ ಕಾಯದೆ ಮಗ್ಗದ ಮುಂದೆ ಕುಳಿತವರು ಅಂದಪ್ಪ. ಈ ವಯಸ್ಸಿನಲ್ಲಿ ಎಂಥ ದುಡಿಮೆ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವರು ಯಾರಿಗಾಗಿ ಅಷ್ಟು ಬೇಗ ಏಳುತ್ತಾರೆ ಎಂಬುದು ಗೊತ್ತಾದದ್ದು ಆಮೇಲೆ.

ಪತ್ರಿಕೆಗೆ ಬರೆಯಲೆಂದು ನಾನು ನೋಡಲು ಬಂದದ್ದು ಅಂದಪ್ಪನವರ ಹೆಂಡತಿ ಮಂಜವ್ವನನ್ನು. ಹಿತ್ತಲಲ್ಲಿ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಳಿ ಕುದುರೆಯೊಂದರ ಮೈ ತಿಕ್ಕುತ್ತಿದ್ದಾರೆ. ಕುದುರೆಯ ಹೆಸರು ಶಾಂತವ್ವ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಈಕೆಗಾಗಿಯೇ ಕಟ್ಟಿದಂತಿದೆ. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಬಂದ ನನ್ನನ್ನು ಕಂಡದ್ದೇ ತಡ, ಮುಂಗಾಲೆರಡನ್ನೂ ಎತ್ತಿಬಿಟ್ಟಳು. ನಾನು ಗೋಡೆಗೆ ಅಂಟಿಕೊಂಡೆ.

"ಸಪ್ಪಳ ಮಾಡಕೋತ ಬರ್ರಿ ಸರ್ರ, ಕಳ್ಳರಂಗ ಬಂದ್ರ ಅಂಜತಾಳ," ಎನ್ನುತ್ತ ಮಂಜವ್ವ ಕುದುರೆಯ ಕುತ್ತಿಗೆಗೆ ಕೈ ಹಾಕುತ್ತಾರೆ. "ನಿಂದರ ನನ್ನವ್ವ, ಇವತ್ತ ಮದಿವಿ ಮನಿಗೆ ಹೋಗೂದೈತಿ. ಹಿಂಗ ಹೋದ್ರ ಮಂದಿ ನಕ್ಕಾರು."

ಮದುವೆ ಮುಂಡರಗಿಯಲ್ಲಿ. ಮೈ ತಿಕ್ಕಿ, ಜೂಲು ಬಾಚಿ, ಕಾಲಿಗೆ ಗೆಜ್ಜೆ ಕಟ್ಟಿ ಮುಗಿಸಿದ ಮಂಜವ್ವ ಕೊನೆಗೆ ಗೂಟದಿಂದ ಒಂದು ವಿಚಿತ್ರ ವಸ್ತು ತೆಗೆಯುತ್ತಾರೆ. ರಾಶಿ ಮಾಡುವಾಗ ಎತ್ತುಗಳು ಕಾಳಿಗೆ ಬಾಯಿ ಹಾಕದಂತೆ ಕಟ್ಟುವ ಹಗ್ಗದ ಬಾಯಿಕುಕ್ಕೆ ಅದು. ಅದರ ಸುತ್ತ ಹಳೆ ಸೀರೆಯ ಜರಿ ಅಂಚು ಹೊಲಿದಿದ್ದಾರೆ. ಕುದುರೆ ಕಚ್ಚುತ್ತದೆಯೇ ಎಂದು ಕೇಳುತ್ತೇನೆ.

"ಕುದರಿ ಕಚ್ಚತೈತಿ ಅಂತ ಅಲ್ರಿ. ಮಂದಿ ತಿನ್ನಸ್ತಾರ ಅಂತ," ಎನ್ನುತ್ತಾರೆ ಅವರು.

ಮಂಜವ್ವನ ತಂದೆ ಗದಗ ಸ್ಟೇಷನ್ನಿನಿಂದ ಬೆಟಗೇರಿಗೆ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಬಂದು ಟಾಂಗಾಗಳು ಮೂಲೆ ಸೇರಿದಾಗ ಗಂಡುಮಕ್ಕಳು ಬೇರೆ ಬೇರೆ ಕೆಲಸ ಹಿಡಿದರು, ಕುದುರೆ ಮಾತ್ರ ಮಗಳ ಪಾಲಿಗೆ ಬಂತು. ಆ ಕುದುರೆಯ ಮರಿಯೇ ಶಾಂತವ್ವ, ಇದೇ ಹಿತ್ತಲಲ್ಲಿ ಹುಟ್ಟಿದವಳು. ಹೋದ ವರ್ಷದವರೆಗೂ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲೇ ಮದುವೆ ಇದ್ದರೂ ಮದುಮಗನ ಮೆರವಣಿಗೆಗೆ ಹೋಗುತ್ತಿದ್ದಳು. ಮದುವೆ ಸುಗ್ಗಿಯಲ್ಲಿ ವಾರಕ್ಕೆ ಮೂರು, ನಾಲ್ಕು ಊರು. ಉಳಿದ ದಿನ ಹುಲ್ಲು ತರುವುದು, ಲದ್ದಿ ಬಳಿಯುವುದು, ಗೊರಸು ನೋಡುವುದು, ನೀರು ಹೊರುವುದು.

"ಮೊದಲ ಮೊದಲ ಲಗಾಮ ಹಿಡದ ಹೊಂಟ್ರ ಹೆಣಮಕ್ಕಳ ಬಾಯಿಗೆ ಸೆರಗ ಹಚ್ಚಕೊಂಡ ನಗತಿದ್ರು. ಆಮ್ಯಾಲ ಅವರ ಮಕ್ಕಳ ಮದಿವಿಗೇ ನನ್ನ ಕರದ್ರು," ಎಂದು ಮಂಜವ್ವ ನಗುತ್ತಾರೆ.

ನಗು ಬಹಳ ಹೊತ್ತು ಉಳಿಯುವುದಿಲ್ಲ. ಡಿ.ಜೆ. ಬಂದ ಮೇಲೆ ಶಾಂತವ್ವ ಬೆದರತೊಡಗಿದಳು. ಶಿರಹಟ್ಟಿಯ ಒಂದು ಮದುವೆಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತುಬಿಟ್ಟಳು, ಮದುಮಗನ ಪೇಟ ಚರಂಡಿ ಸೇರಿತು. ಬೆದರುವ ಕುದುರೆ ಎಂಬ ಸುದ್ದಿ ಹಬ್ಬಿತು. ಪಶು ಆಹಾರದ ಅಂಗಡಿಯವನೊಬ್ಬ ಒಂದು ಡಬ್ಬಿ ಕೊಟ್ಟ. ಗಾಬರಿಯ ಕುದುರೆಗಳನ್ನು ಸಮಾಧಾನ ಮಾಡುವ ಪುಡಿಯಂತೆ, ಬೂಸಾದಲ್ಲಿ ಒಂದು ಚಮಚ ಕಲಸಿ ಕೊಟ್ಟರೆ ಸಾಕಂತೆ.

"ಸುಳ್ಳ ಯಾಕ ಹೇಳ್ಲಿ, ಮೊದಲ ಸ್ವಲ್ಪ ಹತ್ತೀತು. ಅಕಿ ತಣ್ಣಗಾದ್ಲು ಅಂತ ನನಗ ಅನಸ್ತು. ನಾನೂ ತಣ್ಣಗಾದೆ," ಎನ್ನುತ್ತಾರೆ ಮಂಜವ್ವ.

ಪುಡಿಯ ಮಾತು ಕೇಳಿದ ನಾನು ಆಮೇಲೆ ಬೇರೆ ಕುದುರೆಯವರನ್ನೂ ಬ್ಯಾಂಡಿನವರನ್ನೂ ವಿಚಾರಿಸಿದೆ. ಕೇಳಬಾರದಿತ್ತು ಅನಿಸಿತು. ಪುಡಿ ಯಾವ ಲೆಕ್ಕ! ಒಬ್ಬರು ಬೆಲ್ಲದಲ್ಲಿ ಗಾಂಜಾ ಅಂದರು, ಇನ್ನೊಬ್ಬರು ಬಕೆಟ್ಟಿನ ನೀರಿಗೆ ಸರಾಯಿ ಅಂದರು. ಮನುಷ್ಯರು ನುಂಗುವ ನಿದ್ದೆ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಕೊಡುವವರೂ ಇದ್ದಾರಂತೆ. "ಮದಿಮಗಗ ಪೇಡೆ, ಕುದರಿಗೆ ಗುಳಿಗಿ. ಇಬ್ರೂ ಸುಮ್ನ ಕುಂಡ್ರಬೇಕಲ್ರಿ," ಎಂದು ಒಬ್ಬ ಹಲ್ಲು ಕಿರಿದ. ನನಗೆ ಮೈ ಉರಿಯಿತು. ಇಷ್ಟು ವರ್ಷ ಎಷ್ಟು ಮೆರವಣಿಗೆ ನೋಡಿದ್ದೇನೆ, ಕುದುರೆಯ ಕೆಳತುಟಿ ಜೋತುಬಿದ್ದದ್ದನ್ನು, ಕಣ್ಣು ಅರ್ಧ ಮುಚ್ಚಿದ್ದನ್ನು ಸಾಧುತನ ಎಂದುಕೊಂಡಿದ್ದೆ.

ಆದರೆ ಲಕ್ಷ್ಮೇಶ್ವರದಲ್ಲಿ ನಡೆದದ್ದರ ಮುಂದೆ ಇದೂ ಏನಲ್ಲ.

ಹೋದ ವರ್ಷದ ಮದುವೆ. ಮದುಮಗನ ಸೋದರಮಾವ ಕೊಟ್ರೇಶ ಎಂಬವರದೇ ಎಲ್ಲ ಓಡಾಟ. ಮದುಮಗ ಕುದುರೆ ಹತ್ತುವ ಮೊದಲು ಅವನ ಅಕ್ಕನೋ ತಂಗಿಯೋ ಕುದುರೆಗೆ ನೆನೆಸಿದ ಕಡಲೆ, ಬೆಲ್ಲ ತಿನ್ನಿಸಬೇಕು, ಅದು ಮಂಜವ್ವ ಹೋಗುವ ಮನೆಗಳ ಪದ್ಧತಿ. ಅಂದೂ ತಿನ್ನಿಸಿದರು. ಬ್ಯಾಂಡು ಬಾರಿಸಿತು, ಡಿ.ಜೆ. ಶುರುವಾಯಿತು, ಮೆರವಣಿಗೆ ಬಜಾರಿಗೆ ಬಂತು. ಅಲ್ಲಿ ಶಾಂತವ್ವನ ಹೆಜ್ಜೆ ಅಡ್ಡಾದಿಡ್ಡಿಯಾಯಿತು.

"ಅಕಿ ನನ್ನ ಕಡೆ ನೋಡಿದ್ಲು ಸರ್ರ. ಕಣ್ಣಾಗ ನಾನ ಇರಲಿಲ್ಲ. ಮುಂಗಾಲ ಮಡಚಿದ್ಲು, ಹಂಗ ಕುಂತಬಿಟ್ಲು. ಮದಿಮಗ ಜಾರಿ ನನ್ನ ಮ್ಯಾಲ ಬಿದ್ದ. ಮಂದಿ, ಕುದರಿ ನಮಸ್ಕಾರ ಮಾಡಾಕತ್ತೈತಿ ಅಂತ ಚಪ್ಪಾಳಿ ಬಡದ್ರು."

ಚಪ್ಪಾಳೆ! ನಾನು ಬರೆಯುವುದನ್ನು ನಿಲ್ಲಿಸಿ ಮಂಜವ್ವನ ಮುಖ ನೋಡುತ್ತೇನೆ. ಅವರು ಜರಿ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಾರೆ.

ಯಾರೋ ಪಶುವೈದ್ಯೆ ಜಾಹ್ನವಿಯವರನ್ನು ಕರೆತಂದರು. ಅಂಗಡಿಯೊಂದರ ನೆರಳಿನಲ್ಲಿ ಶಾಂತವ್ವ ಬಿದ್ದಿದ್ದಾಳೆ, ಮೈಯೆಲ್ಲ ಬೆವರು. ಏನು ಕೊಟ್ಟಿದ್ದೀರಿ ಎಂದು ವೈದ್ಯೆ ಕೇಳಿದರು. ಮೊದಲು ಮಂಜವ್ವ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದರು: ಬಜಾರದ ಗದ್ದಲಕ್ಕೆ ಅಂಜಿ ಅವತ್ತು ಪುಡಿ ಎರಡು ಚಮಚ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ಬ್ಯಾಂಡಿನ ಮೇಸ್ತ್ರಿ ವೈದ್ಯೆಯ ಇನ್ನೊಂದು ಕಿವಿಗೆ ಬಂದ. ಶಿರಹಟ್ಟಿಯ ಸುದ್ದಿ ಕೇಳಿದ್ದನಂತೆ, ತನ್ನ ಹುಡುಗರು ತುಳಿತಕ್ಕೆ ಸಿಕ್ಕಾರು ಎಂದು ಕುದುರೆಯ ನೀರಿನ ಬಕೆಟ್ಟಿಗೆ ಸರಾಯಿ ಬಾಟಲಿ ಸುರಿದಿದ್ದ. ಕೊನೆಗೆ ಬಂದವರು ಸೋದರಮಾವ ಕೊಟ್ರೇಶ. ಅಳಿಯನಿಗೆ ಏನಾದರೂ ಆದರೆ ಅಕ್ಕನಿಗೆ ಹೇಗೆ ಮುಖ ತೋರಿಸುವುದು ಎಂದು ತಮ್ಮ ತಾಯಿಯ ನಿದ್ದೆ ಗುಳಿಗೆಗಳನ್ನು ಅರೆದು ಆ ಶಕುನದ ಬೆಲ್ಲದಲ್ಲಿ ಕಲಸಿದ್ದರು. ತಿನ್ನಿಸಿದ ಮದುಮಗನ ತಂಗಿಗೂ ಗೊತ್ತಿರಲಿಲ್ಲ. ಮೂವರೂ ಹೇಳಿದ್ದು ಒಂದೇ ಮಾತು: "ಯಾರಿಗೂ ಹೇಳಬ್ಯಾಡ್ರಿ."

ವೈದ್ಯೆ ಎದ್ದು ನಿಂತು ಮೂರನ್ನೂ ಎಲ್ಲರ ಮುಂದೆಯೇ ಹೇಳಿದರಂತೆ. ಇಲ್ಲಿ ಕೆಟ್ಟವರು ಯಾರು? ಒಬ್ಬರೂ ಇಲ್ಲ. ಮೂವರೂ ಯಾರನ್ನೋ ಉಳಿಸಲು ಹೋದವರೇ. ಮೂವರ ಕಾಳಜಿಯೂ ಒಂದೇ ಹೊಟ್ಟೆಗೆ ಇಳಿದು ಒಂದು ಜೀವ ಹೋಗುವುದರಲ್ಲಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ, ಇದು ಅಮೃತವೂ ಆಗಿರಲಿಲ್ಲ.

ಜಾಹ್ನವಿಯವರನ್ನು ನಾನು ಆಮೇಲೆ ಫೋನಿನಲ್ಲಿ ಕೇಳಿದೆ. "ಸಮಾಧಾನದ ಪುಡಿ ಎಲ್ಲಾ ಕೆಟ್ಟದ್ದೇ ಅಂತ ನಾ ಹೇಳೂದಿಲ್ರಿ. ಕೆಲವು ಕುದುರೆಗೆ ಸ್ವಲ್ಪ ಅನುಕೂಲ ಆಗಬಹುದು, ಕೆಲವಕ್ಕ ಏನೂ ಆಗೂದಿಲ್ಲ. ಯಾಕ ಅಂಜತದ ಅಂತ ಮೊದಲು ನೋಡಬೇಕು, ನಮ್ಮನ್ನ ಕೇಳಿ ಕೊಡಬೇಕು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಬೇಕು. ಮನುಷ್ಯರ ಗುಳಿಗಿ, ಸರಾಯಿ ಮಾತ್ರ ಯಾವ ಕಾಲಕ್ಕೂ ಬ್ಯಾಡ," ಎಂದರು. ಶಾಂತವ್ವ ಯಾಕೆ ಅಂಜುತ್ತಾಳೆ ಎಂಬುದು ಲಕ್ಷ್ಮೇಶ್ವರದ ದಿನ ಅವರಿಗೂ ತಿಳಿದಿರಲಿಲ್ಲ.

ಶಾಂತವ್ವ ಉಳಿದಳು. ಮನೆಗೆ ಬಂದ ಮೇಲೆ ಮಂಜವ್ವ ಡಬ್ಬಿಯನ್ನು ತಿಪ್ಪೆಗೆ ಎಸೆದರು. "ಮಂದಿಗೆ ಯಾವ ಬಾಯಿಲೆ ಬೈಲಿ? ನನ್ನ ಕೈಯಿಂದನೂ ಹೋಗೇತಿ," ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಿತ್ತಲಲ್ಲಿ ಶಾಂತವ್ವ ಹಗ್ಗ ಹರಿದು, ನೀರಿನ ಬಾನಿ ಒದ್ದು, ಗೋಡೆಗೆ ಮೈ ಒತ್ತಿ ನಡುಗತೊಡಗಿದಳು. ಕರೆಂಟಿನ ಹಂಗಿಲ್ಲದ ಅಂದಪ್ಪ ಊಟಕ್ಕೆಂದು ನಿಲ್ಲಿಸಿದ್ದ ತಮ್ಮ ಕೈಮಗ್ಗವನ್ನು ಮತ್ತೆ ಹೊಡೆಯಲು ಶುರು ಮಾಡಿದರು. ಖಟ್ ಖಟ್. ಕುದುರೆಯ ಕಿವಿ ಆ ಕಡೆ ತಿರುಗಿತು. ನಡುಕ ನಿಂತಿತು.

"ನಾನು ಅಲ್ಲೇ ಕುಂತಬಿಟ್ಟೆ ಸರ್ರ," ಎನ್ನುತ್ತಾರೆ ಮಂಜವ್ವ. "ಕರೆಂಟ್ ಹೋದಾಗೆಲ್ಲ ಹಿಂಗ ಮಾಡತಿದ್ಲು. ನೊಣಾ ಕಡಿತಾವ ಅಂತ ನಾವು ಬೇವಿನ ಹೊಗಿ ಹಾಕತಿದ್ವಿ! ಅಕಿ ಸಪ್ಪಳಕ್ಕ ಅಂಜೂದಿಲ್ರಿ. ಸಪ್ಪಳದಾಗ ಹುಟ್ಟಿದಾಕಿ. ಸಪ್ಪಳ ನಿಂತ್ರ ಅಂಜತಾಳ. ಡಿ.ಜೆ.ಯವ ಹಾಡ ಬದಲಿ ಮಾಡಾಕ ನಿಲ್ಲಸ್ತಾನ ನೋಡ್ರಿ, ಆವಾಗ."

ನಾನು ಮಗ್ಗದ ಕಡೆ ತಿರುಗಿ ನೋಡಿದೆ. ಅಂದಪ್ಪ ತಲೆ ಎತ್ತದೆ ನೇಯುತ್ತಲೇ ಇದ್ದರು. "ನಸುಕಿನ್ಯಾಗ ಓಣಿ ಗಪ್ ಇರತೈತಲ್ರಿ, ಅಕಿಗೆ ಬ್ಯಾಸರ ಆಗತೈತಿ," ಎಂದರು. ಅಷ್ಟೇ ಅವರ ಸಂದರ್ಶನ.

ಲಕ್ಷ್ಮೇಶ್ವರದ ನಂತರ ಯಾರೂ ಕರೆದಿರಲಿಲ್ಲ. ಕುಕ್ಕೆ ಕಟ್ಟಿಯೇ ಬರುತ್ತೇನೆ ಎಂದ ಮೇಲಂತೂ ಮಂಜವ್ವನಿಗೆ ಶಕುನಕ್ಕೆ ಅಡ್ಡ ಬರುವವಳು ಎಂಬ ಹೆಸರೂ ಬಂತು. ಆಮೇಲೆ ಇವತ್ತಿನದೇ ಮೊದಲ ಮದುವೆ. ಬೆದರಿದರೆ ಶಾಂತವ್ವನನ್ನು ಇನ್ನು ಮೆರವಣಿಗೆಗೆ ಕಟ್ಟುವುದಿಲ್ಲ ಎಂದು ಮಂಜವ್ವ ನಿಶ್ಚಯಿಸಿದ್ದಾರೆ. ದುಡಿಯದ ಕುದುರೆಯನ್ನು ಸಾಕುವ ಶಕ್ತಿ ಇಲ್ಲ, ಬಿಂಕದಕಟ್ಟಿಯ ಹತ್ತಿರದ ಒಂದು ಹೊಲದವರನ್ನು ಕೇಳಿ ಇಟ್ಟಿದ್ದಾರೆ. "ಒಳ್ಳೆ ಮಂದಿ. ಹುಲ್ಲು ಭಾಳ ಐತಿ. ಖರೆ ಅಲ್ಲಿ ಸಪ್ಪಳ ಇಲ್ರಿ," ಎನ್ನುತ್ತಾರೆ.

ಸಣ್ಣ ಟೆಂಪೊದಲ್ಲಿ ಶಾಂತವ್ವ, ಮುಂದೆ ನಾವು ಮೂವರು, ಮುಂಡರಗಿ ತಲುಪುತ್ತೇವೆ. ಅಂದಪ್ಪನವರ ಕೈಯಲ್ಲಿ ಮಗ್ಗದ ಲಾಳಿ, ಒಂದು ಹಲಗೆ ತುಂಡು. ಮನೆಯ ಮುಂದೆ ಮದುಮಗನ ತಂಗಿ ಶೀತಲ್ ತಟ್ಟೆ ಹಿಡಿದು ನಿಂತಿದ್ದಾಳೆ, ನೆನೆಸಿದ ಕಡಲೆ, ಬೆಲ್ಲ. ಕುಕ್ಕೆ ನೋಡಿ ಅವಳ ಮುಖ ಸಪ್ಪಗಾಗುತ್ತದೆ. ಹಿರಿಯರು ಗೊಣಗುತ್ತಾರೆ. ಮಂಜವ್ವ ಕೈ ಮುಗಿದು, "ಮೆರವಣಗಿ ಮುಗೀಲಿ ತಂಗಿ," ಎನ್ನುತ್ತಾರೆ. ಶೀತಲ್ ತಟ್ಟೆ ಒಳಗೆ ಒಯ್ಯುತ್ತಾಳೆ.

ಮೆರವಣಿಗೆ ಹೊರಡುತ್ತದೆ. ಡಿ.ಜೆ. ಎದೆಗೆ ಗುದ್ದುತ್ತಿದೆ, ನನ್ನ ಕಿವಿ ತೂತಾಗುವಂತಿದೆ, ಶಾಂತವ್ವ ಮಾತ್ರ ತೌರಿಗೆ ಹೊರಟವಳ ಹಾಗೆ ನಡೆಯುತ್ತಿದ್ದಾಳೆ. ಅಂದಪ್ಪ ಪಕ್ಕದಲ್ಲೇ ಲಾಳಿಯನ್ನು ಹಲಗೆಗೆ ಬಡಿಯುತ್ತ ನಡೆಯುತ್ತಾರೆ, ಆ ಗದ್ದಲದಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಈ ಮುದುಕನಿಗೆ ಏನಾಗಿದೆ ಎಂದು ಹುಡುಗರು ನಗುತ್ತಾರೆ.

ಬಸ್ ನಿಲ್ದಾಣದ ಹತ್ತಿರ ಜನರೇಟರ್ ಫಟ್ಟೆಂದು ನಿಲ್ಲುತ್ತದೆ. ಹಾಡು, ದೀಪ, ಎಲ್ಲ ಒಮ್ಮೆಲೇ ಬಂದ್. ಶಾಂತವ್ವನ ಕಿವಿ ಸೆಟೆಯುತ್ತದೆ, ಮೈ ತೊಗಲು ನಡುಗುತ್ತದೆ, ಮುಂಗಾಲೊಂದು ನೆಲ ಬಿಡುತ್ತದೆ. ಮೇಲೆ ಮದುಮಗ, ಸುತ್ತ ಮಕ್ಕಳು.

ಖಟ್ ಖಟ್. ಖಟ್ ಖಟ್.

ಈಗ ಅದು ಎಲ್ಲರಿಗೂ ಕೇಳಿಸುತ್ತದೆ. ಕುದುರೆ ಮುಂಗಾಲು ಕೆಳಗಿಡುತ್ತದೆ. ಕತ್ತು ಅಂದಪ್ಪನವರ ಹೆಗಲ ಕಡೆ ಬಾಗುತ್ತದೆ. ಜನರೇಟರ್ ಮತ್ತೆ ಶುರುವಾಗುವವರೆಗೂ ಆ ಇಡೀ ಮೆರವಣಿಗೆ ಮಗ್ಗದ ಲಾಳಿಯ ಸಪ್ಪಳಕ್ಕೆ ಹೆಜ್ಜೆ ಹಾಕಿತು. ನಗುತ್ತಿದ್ದ ಹುಡುಗರೂ ಚಪ್ಪಾಳೆಯಲ್ಲಿ ತಾಳ ಹಿಡಿದರು.

ಮದುಮಗ ಇಳಿದ ಮೇಲೆ ಶೀತಲ್ ಮತ್ತೆ ಅದೇ ತಟ್ಟೆ ಹಿಡಿದು ಬರುತ್ತಾಳೆ. ಮಂಜವ್ವ ಹಿಂದೆ ಸರಿಯುತ್ತಾರೆ, ಕೈ ಕುಕ್ಕೆಯ ಗಂಟಿನ ಮೇಲಿದೆ, ಬಿಚ್ಚುತ್ತಿಲ್ಲ. ಲಕ್ಷ್ಮೇಶ್ವರದ ಸುದ್ದಿಯನ್ನು ಅಷ್ಟರಲ್ಲಿ ಹುಡುಗಿಗೆ ಯಾರು ಹೇಳಿದರೋ ಕಾಣೆ. ಹುಡುಗಿ ತಟ್ಟೆಯಿಂದ ಒಂದು ಮುಷ್ಟಿ ಕಡಲೆ, ಒಂದು ಚೂರು ಬೆಲ್ಲ ತೆಗೆದು ಎಲ್ಲರ ಮುಂದೆ ತಾನೇ ಬಾಯಿಗೆ ಹಾಕಿಕೊಂಡು ಅಗಿಯುತ್ತಾಳೆ.

"ಅಕ್ಕಾರ, ಇನ್ನ ಬಿಚ್ಚರಿ," ಎನ್ನುತ್ತಾಳೆ, ಬಾಯಲ್ಲಿ ಕಡಲೆ ಇರುವಾಗಲೇ.

ಗಂಟು ಬಿಚ್ಚಲು ಮಂಜವ್ವನಿಗೆ ಬಹಳ ಹೊತ್ತು ಹಿಡಿಯಿತು. ಶಾಂತವ್ವ ತಟ್ಟೆಗೆ ಮೂತಿ ಇಟ್ಟು ಕೊನೆಯ ಕಾಳಿನವರೆಗೂ ನೆಕ್ಕಿದಳು. ಮಂಜವ್ವ ಕುಕ್ಕೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

"ಬರಕೊಳ್ರಿ ಸರ್ರ. ನಮ್ಮ ಶಾಂತವ್ವ ಇವತ್ತ ಮದಿವಿ ಊಟ ಉಂಡ್ಳು."